ಎರಡು ವ್ಯಾಧಿಗಳಿಗೆ ಒಂದು ಪಥ್ಯ

ಪಥವನ್ನು ಬಿಡದಿರುವುದು ಪಥ್ಯವೆಂದು ಶಬ್ದಶಾಸ್ತ್ರವು ಹೇಳುತ್ತದೆ. ಆದರೆ ಎರಡು ವ್ಯಾಧಿಗಳು ಎರಡು ಪಥಗಳನ್ನು ತೋರಿದಾಗ? ಮಧುಮೇಹದ ಜೊತೆಗೆ, ವೈದ್ಯರು ಐ.ಬಿ.ಎಸ್. ಎನ್ನುವ ಕೆರಳುವ ಕರುಳಿನ ವ್ಯಾಧಿಯೂ ಸೇರಿದಂದಿನಿಂದ ಈ ಪ್ರಶ್ನೆ ನನ್ನನ್ನೂ ಕಾಡಿದೆ. ಮಧುಮೇಹಿಗೆ ವಿಧಿಸುವ ಕಾಳು, ಇಡಿಗೋಧಿಗಳೇ ಕರುಳನ್ನು ಕೆರಳಿಸಬಲ್ಲವು.

ನಾರಿನಲ್ಲಿ ಕರಗುವುದು, ಕರಗದಿರುವುದು ಎಂದು ಎರಡು ಬಗೆ. ಇಸಬಗೋಲಿನಂತಹ ಕರಗುವ ನಾರು ಸಾಮಾನ್ಯವಾಗಿ ಕರುಳಿಗೆ ಹಿತ; ಸಕ್ಕರೆ ರಕ್ತವನ್ನು ಸೇರುವ ವೇಗವನ್ನೂ ತಗ್ಗಿಸುತ್ತದೆ. ಗೋಧಿಯ ತವುಡು ಉಬ್ಬರವನ್ನು ಹೆಚ್ಚಿಸಬಹುದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆಗಳಲ್ಲಿನ ಕೆಲವು ಅಂಶಗಳು ಕರುಳಿನಲ್ಲಿ ಹುದುಗೆದ್ದು ವಾಯುವನ್ನುಂಟುಮಾಡುತ್ತವೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಕ್ರಮದಲ್ಲಿ, ತಜ್ಞರ ಸಲಹೆಯಂತೆ ಇಂಥವನ್ನು 2ರಿಂದ 6 ವಾರ ವರ್ಜಿಸಿ, ಬಳಿಕ ಒಂದೊಂದನ್ನೇ ಸೇವಿಸಿ ಪರೀಕ್ಷಿಸುತ್ತಾರೆ. ಆಗಲೂ ಜೋಳದ ರೊಟ್ಟಿ, ಬದನೆಯ ಪಲ್ಯ, ಸೌತೆಕಾಯಿಗಳು ಮಿತವಾಗಿ ನಮ್ಮ ತಟ್ಟೆಯಲ್ಲಿರಬಹುದು.

ಸಕ್ಕರೆರಹಿತ ಮಿಠಾಯಿಯ ಸಾರ್ಬಿಟಾಲ್, ಕೆಲವರಿಗೆ ಮೆಟ್‌ಫಾರ್ಮಿನ್ ಮಾತ್ರೆಯೂ ಭೇದಿಯನ್ನುಂಟುಮಾಡುವುದುಂಟು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸತಕ್ಕದ್ದು. ಹೊಟ್ಟೆಗೆ ಹೆದರಿ ಊಟ ಬಿಟ್ಟು ಎಂದಿನಂತೆ ಇನ್ಸುಲಿನ್ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿದು ಪ್ರಾಣಾಪಾಯವಾದೀತು.

ಉಂಡದ್ದು, ಹೊಟ್ಟೆಯ ಸ್ಥಿತಿ, ಸಕ್ಕರೆಯ ಅಂಕಿ ಇವುಗಳನ್ನು ನಿತ್ಯ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ, ಎರಡು ಪಥಗಳೂ ಕೂಡುವ ಸ್ಥಳ ಮೆಲ್ಲನೆ ಗೋಚರಿಸುತ್ತದೆ.