ಸ್ವೀಡನ್ನಿಗೆ ಯಾರ ಮುಖ?

'ಸಿವಿಲೈಸೇಷನ್' ಎಂಬ ಹೆಸರಾಂತ ಕಂಪ್ಯೂಟರ್ ಆಟದ ಸರಣಿಯಲ್ಲಿ ಸ್ವೀಡನ್ನನ್ನು ಮೊದಲು ಆಳಿದ್ದು ಅಪ್ಪ, ಆಮೇಲೆ ಮಗಳು. 2012ರ 'ಗಾಡ್ಸ್ ಅಂಡ್ ಕಿಂಗ್ಸ್' ವಿಸ್ತರಣೆಯಲ್ಲಿ ಆ ದೇಶದ ನಾಯಕನಾಗಿ ಬಂದವನು ದೊರೆ ಗುಸ್ತಾವ್ ಅಡಾಲ್ಫ್. 2019ರ 'ಗ್ಯಾದರಿಂಗ್ ಸ್ಟಾರ್ಮ್'ನಲ್ಲಿ ಅವನ ಜಾಗದಲ್ಲಿ ಕೂತವಳು ಮಗಳು ಕ್ರಿಸ್ಟೀನಾ. ಅಪ್ಪ ಯುರೋಪಿನ ಯುದ್ಧತಂತ್ರವನ್ನೇ ಬದಲಿಸಿ ರಣರಂಗದಲ್ಲಿ ಸತ್ತವನು. ಮಗಳು ಪುಸ್ತಕ, ಚಿತ್ರ, ತತ್ತ್ವಶಾಸ್ತ್ರಕ್ಕಾಗಿ ಹಂಬಲಿಸಿ ಕೊನೆಗೆ ಸಿಂಹಾಸನವನ್ನೇ ಬಿಟ್ಟು ಹೋದವಳು. ಮುಖ ಬದಲಾದ ಕೂಡಲೇ ದೇಶದ ಗುಣವೂ ಬದಲಾಯಿತು. ಮೊದಲನೆಯದರಲ್ಲಿ ಗುಸ್ತಾವನ ಕುದುರೆ ಸವಾರರು ಎದುರು ಬರುತ್ತಾರೆ, ಎರಡನೆಯದರಲ್ಲಿ ರಾಣಿಯ ಗ್ರಂಥಾಲಯ.

ಈ ಬಗೆಯ ಆಟ ಆಡದವರಿಗೆ ಎರಡು ಮಾತು. ಆಟಗಾರ ಒಂದು ನಾಡನ್ನು ಆರಿಸಿಕೊಂಡು ಪುಟ್ಟ ಊರಿನಿಂದ ಬಾಹ್ಯಾಕಾಶ ಯುಗದವರೆಗೆ ಬೆಳೆಸಬೇಕು. ಪ್ರತಿ ನಾಡಿಗೂ ಒಬ್ಬ ನಾಯಕ ಅಥವಾ ನಾಯಕಿ ಇರುತ್ತಾರೆ. ನಡುನಡುವೆ ವಿಜ್ಞಾನಿ, ಎಂಜಿನಿಯರ್, ಸೇನಾನಿ, ಲೇಖಕ ಹೀಗೆ ಚರಿತ್ರೆಯ ದೊಡ್ಡವರು ಬಂದು ಒಂದೊಂದು ಲಾಭ ಮಾಡಿಕೊಟ್ಟು ಹೋಗುತ್ತಾರೆ. ಎಷ್ಟೋ ಮಕ್ಕಳಿಗೆ ದೂರದ ದೇಶವೊಂದರ ಮೊದಲ ಪರಿಚಯ ಈ ಮುಖಗಳಿಂದಲೇ ಆಗುತ್ತದೆ. ಹಾಗಾಗಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದು ನನಗೆ ತೂಕದ ಪ್ರಶ್ನೆ.

ನಾನು ಬೆಂಗಳೂರಿನ ಸಣ್ಣ ತಂಡವೊಂದರಲ್ಲಿ ಮೇಜಿನ ಮೇಲೆ ಆಡುವ ತಂತ್ರದ ಆಟಗಳನ್ನು ರೂಪಿಸುತ್ತೇನೆ. ಉಪ್ಸಾಲಾ ವಿಶ್ವವಿದ್ಯಾಲಯದ ಆಟವಿನ್ಯಾಸ ವಿಭಾಗ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದಲ್ಲಿದೆ. ನಾನು ಕಲಿತದ್ದು ಅಲ್ಲಿ. ಅದಕ್ಕೇ ನಮ್ಮ ಹೊಸ ಆಟದ ಸ್ವೀಡನ್ ಕಾರ್ಡುಗಳು ನನ್ನ ಪಾಲಿಗೆ ಬಂದವು. ಕಾರ್ಡು ಕೆಲವೇ ಕೆಲವು, ಹೆಸರುಗಳು ನೂರಾರು. ಆರಿಸಲು ನಾನಿಟ್ಟುಕೊಂಡ ಅಳತೆ ಇಷ್ಟು: ಈ ವ್ಯಕ್ತಿ ಬಂದ ಮೇಲೆ ಆಟದಲ್ಲಿ ಏನು ಬೇರೆಯಾಗುತ್ತದೆ? ಅದಕ್ಕೆ ಬೆಲೆ ತೆತ್ತವರು ಯಾರು? ಎರಡಕ್ಕೂ ಕಾರ್ಡಿನ ಮೇಲೆ ಉತ್ತರ ಬರೆಯಲು ಆಗದಿದ್ದರೆ ಎಷ್ಟೇ ಖ್ಯಾತರಾದರೂ ನಾನು ಕೈಬಿಡುತ್ತೇನೆ.

ಈ ಅಳತೆಗೆ ಮೊದಲು ಸಿಕ್ಕವನು ಹನ್ನೆರಡನೇ ಕಾರ್ಲ್. ಆಟಗಾರರಿಗೆ ಅವನೆಂದರೆ ಬಲು ಇಷ್ಟ. 1697ರಲ್ಲಿ, ಹದಿನೈದನೇ ವಯಸ್ಸಿಗೆ ಪಟ್ಟಕ್ಕೆ ಬಂದ. 1700ರ ನವೆಂಬರಿನಲ್ಲಿ ನಾರ್ವಾದಲ್ಲಿ, ಹಿಮ ಬೀಸುತ್ತಿರುವಾಗಲೇ ನುಗ್ಗಿ, ತನ್ನದಕ್ಕಿಂತ ಎಷ್ಟೋ ದೊಡ್ಡದಾದ ರಷ್ಯಾದ ಸೈನ್ಯವನ್ನು ಸೋಲಿಸಿದ. ಆದರೆ 1709ರಲ್ಲಿ ಪೊಲ್ಟಾವಾದಲ್ಲಿ ಎಲ್ಲ ಕಳೆದುಕೊಂಡ. ಆಮೇಲೆ ವರ್ಷಗಟ್ಟಲೆ ತುರ್ಕರ ನೆಲದಲ್ಲಿ ಉಳಿದ. 1718ರ ನವೆಂಬರ್ 30ರಂದು ನಾರ್ವೆಯ ಕೋಟೆಯೊಂದರ ಮುಂದೆ ತಲೆಗೆ ಗುಂಡು ಬಿದ್ದು ಸತ್ತ. ಆ ಗುಂಡು ಶತ್ರುವಿನದೋ ಸ್ವಂತ ಕಡೆಯವರದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ದೊರೆ ಸತ್ತ ಸುದ್ದಿ ಕೇಳಿ ಹಿಂದಿರುಗುತ್ತಿದ್ದ ಅವನ ಇನ್ನೊಂದು ಪಡೆಯಲ್ಲಿ ಸುಮಾರು 3,000 ಸೈನಿಕರು 1719ರ ಹೊಸವರ್ಷದ ದಿನಗಳಲ್ಲಿ ಬೆಟ್ಟದ ಮೇಲೆ ಚಳಿಗೆ ಮರಗಟ್ಟಿ ಸತ್ತರು. ಆಟದ ಪೆಟ್ಟಿಗೆಯ ಮೇಲೆ ನೀಲಿ ಹಳದಿ ಸಮವಸ್ತ್ರದ ಸೈನಿಕರನ್ನು ಚೆಂದವಾಗಿ ಬರೆಯುವವರು ಈ ಬೆಟ್ಟವನ್ನು ಬರೆಯುವುದಿಲ್ಲ.

ಸ್ಟಾಕ್‌ಹೋಮ್‌ನ ನಡುಮಧ್ಯದ ಉದ್ಯಾನದಲ್ಲಿ ಕಾರ್ಲನ ಪ್ರತಿಮೆ ರಷ್ಯಾದ ದಿಕ್ಕಿಗೆ ಕೈ ತೋರಿಸುತ್ತ ನಿಂತಿದೆ. ಅವನು ಸತ್ತ ನವೆಂಬರ್ 30 ಇತ್ತೀಚಿನ ಕಾಲದಲ್ಲಿ ತೀವ್ರ ಬಲಪಂಥೀಯರು ಮೆರವಣಿಗೆ ಮಾಡುವ ದಿನವಾಗಿತ್ತು. ಇಂಥವನನ್ನು ದೇಶದ ನಾಯಕನಾಗಿ ಕೂರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಸೇನಾನಿಯ ಕಾರ್ಡಾಗಿ ಇಟ್ಟಿದ್ದೇನೆ. ದಾಳಿಯಲ್ಲಿ ಅವನಿಗೆ ಸಮಾನರಿಲ್ಲ. ಆದರೆ ಅವನು ಆಟದಲ್ಲಿರುವವರೆಗೆ ನಿಮ್ಮ ನಾಡು ಯಾರೊಂದಿಗೂ ಸಂಧಿ ಮಾಡಿಕೊಳ್ಳುವಂತಿಲ್ಲ.

ನಾಯಕಿಯ ಸ್ಥಾನಕ್ಕೆ ಕ್ರಿಸ್ಟೀನಾ ಎಂಬ ಆಯ್ಕೆ ಸರಿ ಎಂದೇ ನನ್ನ ತೀರ್ಮಾನ. ಅಪ್ಪ 1632ರಲ್ಲಿ ಲ್ಯೂಟ್ಸನ್ ಯುದ್ಧದಲ್ಲಿ ಸತ್ತಾಗ ಅವಳಿಗಿನ್ನೂ ಆರು ತುಂಬಿರಲಿಲ್ಲ. ರಾಜಕುಮಾರನಿಗೆ ಕಲಿಸುವುದನ್ನೆಲ್ಲ ಅವಳಿಗೆ ಕಲಿಸಿದರು. ರಾಜ್ಯವನ್ನು ಹಿಡಿದು ನಿಲ್ಲಿಸಿದವನು ಮಂತ್ರಿ ಆಕ್ಸೆಲ್ ಉಕ್ಸೆನ್‌ಶೆರ್ನಾ. 1612ರಿಂದ 1654ರವರೆಗೆ, ಸಾಯುವ ತನಕ, ಅವನೇ ಮಹಾಮಂತ್ರಿ. ದೇಶವನ್ನು ಜಿಲ್ಲೆಗಳಾಗಿ ಹಂಚಿದ 1634ರ ಆಡಳಿತ ವ್ಯವಸ್ಥೆ ಅವನದೇ. ಸ್ವೀಡನ್ನಿನ ಇವತ್ತಿನ ಜಿಲ್ಲಾ ಆಡಳಿತದ ಬುನಾದಿ ಅದು. ಇಂಥ ಕಡತದ ಮನುಷ್ಯನಿಗೆ ಆಟಗಳಲ್ಲಿ ಎಂದೂ ಚೆಂದದ ಚಿತ್ರ ಸಿಗುವುದಿಲ್ಲ. ನನ್ನ ಕಾರ್ಡುಗಳಲ್ಲಿ ಅವನಿದ್ದಾನೆ. ಅವನು ಇರುವಷ್ಟು ಕಾಲ ಯುದ್ಧದ ನಡುವೆಯೂ ತೆರಿಗೆ ನಿಲ್ಲುವುದಿಲ್ಲ.

ಕ್ರಿಸ್ಟೀನಾ 1649ರಲ್ಲಿ ತತ್ತ್ವಜ್ಞಾನಿ ಡೆಕಾರ್ಟ್‌ನನ್ನು ಸ್ಟಾಕ್‌ಹೋಮ್‌ಗೆ ಕರೆಸಿದಳು. ಚಳಿಗಾಲದಲ್ಲಿ ಬೆಳಗಿನ ಐದಕ್ಕೆ ಪಾಠ. 1650ರ ಫೆಬ್ರುವರಿಯಲ್ಲಿ ಅವನು ನ್ಯುಮೋನಿಯಾದಿಂದ ಅಲ್ಲೇ ತೀರಿಕೊಂಡ. ನಾಲ್ಕು ವರ್ಷದ ನಂತರ, 1654ರ ಜೂನ್ 6ರಂದು ಉಪ್ಸಾಲಾ ಕೋಟೆಯಲ್ಲಿ ಅವಳು ಕಿರೀಟ ಇಳಿಸಿದಳು. ಆಗ ಅವಳ ವಯಸ್ಸು ಇಪ್ಪತ್ತೇಳು. ಅಪ್ಪ ಯಾವ ಧರ್ಮಪಕ್ಷದ ವಿರುದ್ಧ ಹೋರಾಡಿ ಸತ್ತನೋ ಆ ಕ್ಯಾಥೊಲಿಕ್ ಮತವನ್ನೇ ಸೇರಿ, ರೋಮಿಗೆ ಹೋಗಿ ನೆಲೆಸಿ, 1689ರಲ್ಲಿ ಅಲ್ಲೇ ಸತ್ತಳು. ಸಂತ ಪೀಟರನ ಇಗರ್ಜಿಯಲ್ಲಿ ಅವಳ ಸಮಾಧಿ ಇದೆ.

'ಸಿವಿಲೈಸೇಷನ್' ಅವಳನ್ನು ಕಲಾಸಂಗ್ರಹದ ರಾಣಿಯಾಗಿ ತೋರಿಸುತ್ತದೆ. ಅವಳ ಗ್ರಂಥಾಲಯದಲ್ಲಿ ಸಾಹಿತ್ಯ, ಚಿತ್ರ, ಸಂಗೀತದ ಕೃತಿಗಳಿಗೆ ಎರಡೆರಡು ಜಾಗ. ತುಂಬಿದರೆ ಕೀರ್ತಿ ತಾನಾಗಿ ಏರುತ್ತದೆ. ಅಲ್ಲಿಯವರೆಗೆ ಒಪ್ಪುವೆ. ಆದರೆ ಆ ಪುಸ್ತಕಗಳು ಎಲ್ಲಿಂದ ಬಂದವು ಎಂದು ಆಟ ಕೇಳುವುದಿಲ್ಲ. ಉಪ್ಸಾಲಾದ ಕಾರೊಲಿನಾ ಗ್ರಂಥಾಲಯದಲ್ಲಿ ಗಾಜಿನ ಹಿಂದಿರುವ 'ಬೆಳ್ಳಿ ಬೈಬಲ್' ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಆರನೇ ಶತಮಾನದ ಪ್ರತಿ ಅದು. ನೇರಳೆ ಬಣ್ಣ ಹಚ್ಚಿದ ತೆಳು ಚರ್ಮದ ಹಾಳೆ, ಅದರ ಮೇಲೆ ಬೆಳ್ಳಿಯ ಶಾಯಿಯ ಗೋಥಿಕ್ ಅಕ್ಷರ, ಅಲ್ಲಲ್ಲಿ ಬಂಗಾರದ ಸಾಲು. ಬೆಳ್ಳಿ ಕಪ್ಪಿಟ್ಟಿದೆ, ಬಂಗಾರ ಮಾತ್ರ ಹೊಳೆಯುತ್ತದೆ. ಇಷ್ಟು ಸೂಕ್ಷ್ಮದ ಪುಸ್ತಕ ಅಲ್ಲಿಗೆ ಬಂದದ್ದು ಕೊಳ್ಳೆಯಿಂದ. 1648ರಲ್ಲಿ, ಮೂವತ್ತು ವರ್ಷದ ಯುದ್ಧ ಮುಗಿಯಲು ಕೆಲವೇ ತಿಂಗಳಿರುವಾಗ, ಸ್ವೀಡಿಷ್ ಸೈನ್ಯ ಪ್ರಾಗ್ ನಗರದ ಒಂದು ಭಾಗಕ್ಕೆ ನುಗ್ಗಿ ಚಕ್ರವರ್ತಿ ರುಡಾಲ್ಫನ ಸಂಗ್ರಹವನ್ನು ಗಾಡಿಗೆ ತುಂಬಿತು. ಸುಮಾರು 75 ಕಿಲೋ ತೂಗುವ 'ಸೈತಾನನ ಬೈಬಲ್' ಕೂಡ ಅದೇ ಕೊಳ್ಳೆಯಲ್ಲಿ ಬಂದು ಇಂದು ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಹಾಗಾಗಿ ನಮ್ಮ ಆಟದಲ್ಲಿ ಕ್ರಿಸ್ಟೀನಾ ತನ್ನ ಗ್ರಂಥಾಲಯವನ್ನು ಬೇಗ ತುಂಬಿಸಬಹುದು, ಆದರೆ ಪ್ರತಿ ಪುಸ್ತಕವನ್ನೂ ಇನ್ನೊಬ್ಬ ಆಟಗಾರನ ಕಪಾಟಿನಿಂದ ತೆಗೆಯಬೇಕು. ಎದುರಿಗೆ ಕೂತವನ ಕಾರ್ಡಿಗೆ ಕೈ ಹಾಕಿ ಎತ್ತಿಕೊಳ್ಳಬೇಕಾದಾಗ ಚರಿತ್ರೆ ಮೈಗೆ ತಾಗುತ್ತದೆ. ಪುಸ್ತಕದ ಹಿಂದೆ ಇನ್ನೂ ಒಂದು ಬೆಲೆ ಇತ್ತು. ಅವಳು ಹೊಸ ಶ್ರೀಮಂತರಿಗೆ ಅರಮನೆಯ ಭೂಮಿಯನ್ನು ಧಾರಾಳವಾಗಿ ಹಂಚಿದಳು, ಬೊಕ್ಕಸ ಬರಿದಾಯಿತು. ಅದೂ ಕಾರ್ಡಿನ ಮೇಲಿದೆ.

ವಿಜ್ಞಾನಿಗಳ ವಿಷಯಕ್ಕೆ ಬಂದರೆ ಸ್ವೀಡನ್ ನಿಜಕ್ಕೂ ಶ್ರೀಮಂತ ನಾಡು. ಸೆಲ್ಸಿಯಸ್ ಉಪ್ಸಾಲಾದವನು; 1742ರ ಅವನ ಉಷ್ಣಮಾಪಕದಲ್ಲಿ ನೀರು ಕುದಿಯುವುದು 0ಗೆ, ಹೆಪ್ಪುಗಟ್ಟುವುದು 100ಕ್ಕೆ. ಅವನ ನಂತರ ಅದನ್ನು ತಿರುಗಿಸಿದರು. ಲಿನೇಯಸ್‌ನನ್ನು ಬಿಡುವ ಪ್ರಶ್ನೆಯೇ ಇಲ್ಲ. 1753ರ 'ಸ್ಪೀಶೀಸ್ ಪ್ಲಾಂಟಾರಂ' ಗ್ರಂಥದಲ್ಲಿ ಅವನು ಸಸ್ಯಗಳಿಗೆ ಕೊಟ್ಟ ಜೋಡಿ ಹೆಸರುಗಳಲ್ಲಿ ನಮ್ಮ ಅಡಿಕೆ, ಕಾಳುಮೆಣಸು, ತೆಂಗು, ಮಾವು ಎಲ್ಲವೂ ಇವೆ. ಅವನು ಭಾರತಕ್ಕೆ ಬಂದವನಲ್ಲ. ಕೊಚ್ಚಿಯ ಡಚ್ ಆಡಳಿತಗಾರ ವಾನ್ ರೀಡ್, ಇಟ್ಟಿ ಅಚ್ಯುತನ್‌ರಂಥ ಸ್ಥಳೀಯ ವೈದ್ಯರ ನೆರವಿನಿಂದ ಹೊರತಂದ 12 ಸಂಪುಟಗಳ 'ಹೋರ್ಟಸ್ ಮಲಬಾರಿಕಸ್' ಅವನ ಮೇಜಿನ ಮೇಲಿತ್ತು. ಲಿನೇಯಸ್ ತನ್ನ ಶಿಷ್ಯರನ್ನು ಜಗತ್ತಿನ ಮೂಲೆಮೂಲೆಗೆ ಕಳಿಸಿದ. ಥುನ್‌ಬರ್ಗ್ ಜಪಾನ್ ಮುಟ್ಟಿ ಹಿಂದಿರುಗಿದ. ಫೋರ್ಸ್‌ಕಾಲ್ 1763ರಲ್ಲಿ ಯೆಮೆನ್‌ನಲ್ಲಿ ಸತ್ತ. ಈ ಕಾರ್ಡು ಆಡಿದವರು ಶಿಷ್ಯರನ್ನು ನಕ್ಷೆಯಾಚೆ ಕಳಿಸುತ್ತಾರೆ. ಎಲ್ಲರೂ ಮರಳಿ ಬರುವುದಿಲ್ಲ.

ನನಗೆ ತುಂಬ ಹಿಡಿಸಿದ ಹೆಸರು ಮಾತ್ರ ಎವಾ ಎಕೆಬ್ಲಾದ್. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದವಳು. ಅವಳ ಕಾಲದ ಸ್ವೀಡನ್ನಿನಲ್ಲಿ ಆಲೂಗಡ್ಡೆಯನ್ನು ಜನ ಇನ್ನೂ ಮನಸಾರೆ ತಿನ್ನುತ್ತಿರಲಿಲ್ಲ, ಮದ್ಯಕ್ಕಾಗಿ ಧಾನ್ಯ ಸುರಿಯುತ್ತಿದ್ದರು. ಎವಾ ಆಲೂಗಡ್ಡೆಯಿಂದ ಹಿಟ್ಟನ್ನೂ ಮದ್ಯವನ್ನೂ ತೆಗೆಯುವ ಕ್ರಮ ಕಂಡುಕೊಂಡು ವಿಜ್ಞಾನ ಅಕಾಡೆಮಿಗೆ ಬರೆದು ಕಳಿಸಿದಳು. ಮದ್ಯಕ್ಕೆ ಆಲೂಗಡ್ಡೆ ಹೋದರೆ ಧಾನ್ಯ ರೊಟ್ಟಿಗೆ ಉಳಿಯುತ್ತದೆ. 1748ರಲ್ಲಿ ಇಪ್ಪತ್ತನಾಲ್ಕನೇ ವಯಸ್ಸಿಗೆ ಅವಳು ಆ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದಳು. ಕೆಲವೇ ವರ್ಷಗಳಲ್ಲಿ ಹೆಣ್ಣೆಂಬ ಕಾರಣಕ್ಕೆ ಅವಳನ್ನು ಗೌರವ ಸದಸ್ಯತ್ವಕ್ಕೆ ಸರಿಸಿದರು. ತಂತ್ರದ ಆಟದಲ್ಲಿ ಹಸಿವೇ ದೊಡ್ಡ ಶತ್ರು. ಪಕ್ಕದ ನಾಡಿನ ಸೈನ್ಯಕ್ಕಿಂತ ಖಾಲಿ ಕಣಜಕ್ಕೆ ಸೋತವರೇ ಹೆಚ್ಚು. ಎವಾಳ ಕಾರ್ಡು ಕೈಯಲ್ಲಿದ್ದರೆ ಬರದ ವರ್ಷವನ್ನು ದಾಟಬಹುದು.

ನಾನು ಕಲಿತ ಗಾಟ್‌ಲ್ಯಾಂಡ್ ದ್ವೀಪದಲ್ಲೇ 1661ರಲ್ಲಿ ಹುಟ್ಟಿದ ಎಂಜಿನಿಯರ್ ಪೊಲ್ಹೆಮ್ ಕೂಡ ಇದ್ದಾನೆ. ಯಂತ್ರದ ಒಂದೊಂದು ಚಲನೆಗೆ ಒಂದೊಂದು ಮರದ ಮಾದರಿ ಮಾಡಿ, ಅಕ್ಷರಮಾಲೆಯ ಹಾಗೆ ವಿದ್ಯಾರ್ಥಿಗಳಿಗೆ ಕಲಿಸಿದವನು ಅವನು. ಲೇಖಕರಲ್ಲಿ ಸೆಲ್ಮಾ ಲಾಗರ್‌ಲಾಫ್. 1909ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಮಹಿಳೆ ಎಂಬ ಕಾರಣ ಒಂದೇ ಅಲ್ಲ. ಶಾಲಾ ಮಕ್ಕಳಿಗೆ ದೇಶದ ಭೂಗೋಳ ಕಲಿಸಲೆಂದು ಶಿಕ್ಷಕರು ಕೇಳಿಕೊಂಡಾಗ, ಪುಟ್ಟ ಹುಡುಗನೊಬ್ಬ ಹೆಬ್ಬಾತಿನ ಬೆನ್ನೇರಿ ಇಡೀ ಸ್ವೀಡನ್ ಸುತ್ತುವ ಕಥೆಯನ್ನೇ ಅವಳು ಬರೆದಳು. ಅವಳ ಕಾರ್ಡು ಆಡಿದರೆ ಮುಚ್ಚಿದ್ದ ನಕ್ಷೆ ಪೂರ್ತಿ ತೆರೆಯುತ್ತದೆ.

ಕೊನೆಯ ಜಾಗಕ್ಕೆ ನಮ್ಮ ತಂಡದಲ್ಲಿ ಆಲ್ಫ್ರೆಡ್ ನೊಬೆಲ್ ಎಂಬ ಒತ್ತಾಯವಿತ್ತು. ನಾನು ಪಟ್ಟು ಹಿಡಿದದ್ದು ಎಲ್ಸಾ ಲೌಲಾ ರೆನ್‌ಬರ್ಗ್‌ಗಾಗಿ. ಸ್ವೀಡನ್ನಿನ ಉತ್ತರದಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರಿದ್ದಾರೆ. ಕ್ರಿಸ್ಟೀನಾ ಇನ್ನೂ ಮಗುವಾಗಿದ್ದಾಗ, 1635ರಲ್ಲಿ, ನಾಸಾ ಬೆಟ್ಟದಲ್ಲಿ ಬೆಳ್ಳಿ ಗಣಿ ತೆರೆದರು; ಅದಿರನ್ನು ತಮ್ಮ ಸಾರಂಗಗಳ ಮೇಲೆ ಸಾಗಿಸಲು ಸಾಮಿಗಳನ್ನು ಬಲವಂತಪಡಿಸಿದರು. ಈ ಸಾಮಿಗಳಲ್ಲೊಬ್ಬಳಾದ ಎಲ್ಸಾ 1877ರಲ್ಲಿ ಹುಟ್ಟಿ, ಸೂಲಗಿತ್ತಿಯ ತರಬೇತಿ ಪಡೆದವಳು. 1904ರಲ್ಲಿ ತನ್ನ ಜನರ ಭೂಮಿಯ ಹಕ್ಕಿಗಾಗಿ ಕಿರುಪುಸ್ತಕ ಬರೆದಳು. 1917ರ ಫೆಬ್ರುವರಿ 6ರಂದು ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಗಡಿಗಳಾಚೆಯ ಸಾಮಿಗಳನ್ನು ಮೊದಲ ಬಾರಿ ಒಂದು ಸಭೆಗೆ ಸೇರಿಸಿದವರಲ್ಲಿ ಮುಂದೆ ನಿಂತವಳು ಅವಳೇ. ಇಂದು ಆ ದಿನ ಸಾಮಿಗಳ ರಾಷ್ಟ್ರೀಯ ದಿನ. ಈ ಕಾರ್ಡು ಮೇಜಿನ ಮೇಲಿದ್ದರೆ ಉತ್ತರದ ಗಣಿಗಳನ್ನು ಯಾವ ಆಟಗಾರನೂ ಮಾತುಕತೆಯಿಲ್ಲದೆ ತೋಡುವಂತಿಲ್ಲ. ಸ್ವೀಡನ್ ಆಡುವವನಿಗೇ ಅದು ಅಡ್ಡ ಬರುತ್ತದೆ. ಬರಲೇಬೇಕು.

ನೊಬೆಲ್ ಹೊರಗುಳಿದ. ಅವನ ಹೆಸರಿಗೆ ಪ್ರತಿ ವರ್ಷ ಡಿಸೆಂಬರ್ 10ರಂದು ಸ್ಟಾಕ್‌ಹೋಮ್‌ನಲ್ಲಿ ಸಮಾರಂಭ ನಡೆಯುತ್ತದೆ, ನಮ್ಮ ಕಾರ್ಡಿನ ಹಂಗಿಲ್ಲ. ನಿಮ್ಮ ಮನೆಯ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು, ತೆರೆಯ ಮೇಲಿರುವ ಆ ರಾಜನೋ ರಾಣಿಯೋ ಯಾರು, ಏನು ಮಾಡಿದವರು ಎಂದು ಅವರನ್ನು ಕೇಳಿ. ಗೊತ್ತಿಲ್ಲವೆಂದರೆ ಇಬ್ಬರೂ ಕೂಡಿ ಹುಡುಕಿ ಓದಿ.