ಓಟ ಊರು ಬಿಟ್ಟ ಮೇಲೆ: ಮೋಟಾರು ರೇಸಿನ ಸ್ಥಳಾಂತರ ಮತ್ತು ಬಂಡವಾಳದ ಲೆಕ್ಕ

ಭರತ ಹುಣ್ಣಿಮೆ ಸಮೀಪಿಸಿತೆಂದರೆ ಹರಪನಹಳ್ಳಿ, ಹೂವಿನಹಡಗಲಿ, ಕೊಟ್ಟೂರು, ಕೂಡ್ಲಿಗಿ ಹಾಗೂ ಹಗರಿಬೊಮ್ಮನಹಳ್ಳಿ ಭಾಗದ ಸಣ್ಣ ವ್ಯಾಪಾರಿಗಳು ಜಾತ್ರೆಯ ಲೆಕ್ಕಾಚಾರ ಆರಂಭಿಸುತ್ತಾರೆ. ಮೈಲಾರದ ಕಾರ್ಣಿಕೋತ್ಸವ, ಉಚ್ಚಂಗಿದುರ್ಗದ ಜಾತ್ರೆ, ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ, ಇವು ಒಂದರ ಹಿಂದೆ ಒಂದು ಬರುತ್ತವೆ. ಮಂಡಕ್ಕಿ-ಮಿರ್ಚಿಯ ಅಂಗಡಿ, ಬಳೆ ಅಂಗಡಿ, ಆಟಿಕೆ ಸಾಮಾನು ಎಲ್ಲವೂ ಗಾಡಿಯಲ್ಲಿ ಬರುತ್ತವೆ. ಜಾತ್ರೆ ಮುಗಿದ ಮೇಲೆ ಗಾಡಿಯಲ್ಲಿಯೇ ಮರಳುತ್ತವೆ. ವ್ಯಾಪಾರಿಯ ಬಂಡವಾಳ ಚಲಿಸುತ್ತದೆ, ದೇವರು ಸ್ಥಿರವಾಗಿರುತ್ತಾನೆ. ಮುಂದಿನ ವರ್ಷವೂ ಜಾತ್ರೆ ಅಲ್ಲಿಯೇ ನಡೆಯುವುದೆಂಬ ಭರವಸೆಗೆ ಯಾವ ಕರಾರುಪತ್ರವೂ ಬೇಕಾಗಿಲ್ಲ.

ಮೋಟಾರು ರೇಸಿನ ವ್ಯವಹಾರ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಮೂಲವಿಗ್ರಹವೆಂಬುದಿಲ್ಲ, ಇರುವುದು ಉತ್ಸವಮೂರ್ತಿ ಮಾತ್ರ. ಕಾರುಗಳು, ತಂಡಗಳು, ಪ್ರಸಾರದ ಹಕ್ಕು, ಪ್ರಾಯೋಜಕರು ಎಲ್ಲವೂ ಕರಾರು ಮುಗಿದೊಡನೆ ಬೇರೆ ಊರಿಗೆ ತೆರಳಬಲ್ಲವು. ಸ್ಥಿರವಾಗಿ ಉಳಿಯುವುದು ಭೂಮಿ, ಡಾಂಬರು, ಪ್ರೇಕ್ಷಕರ ಗ್ಯಾಲರಿ ಮತ್ತು ಅವುಗಳ ಮೇಲಿನ ಸಾಲ. ರಾಷ್ಟ್ರಮಟ್ಟದ ಓಟವೊಂದು ಒಂದು ಸರ್ಕ್ಯೂಟಿನಿಂದ ಇನ್ನೊಂದಕ್ಕೆ ಹೋದಾಗ ನಷ್ಟ ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆ ಕ್ರೀಡಾಪ್ರೇಮಿಗಳಿಗಿಂತ ವರ್ತಕರಿಗೆ ಹೆಚ್ಚು ಸಂಬಂಧಿಸಿದ್ದು.

ಶೋಳಾವರದಿಂದ ಇರುಂಗಾಟ್ಟುಕೋಟ್ಟೈಗೆ

ದಕ್ಷಿಣ ಭಾರತದಲ್ಲಿ ಯಶಸ್ವಿಯಾದ ಸ್ಥಳಾಂತರವೊಂದರ ನಿದರ್ಶನವಿದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1950ರ ದಶಕದಿಂದ ಚೆನ್ನೈನ ಉತ್ತರಕ್ಕಿರುವ ಶೋಳಾವರದಲ್ಲಿ ಓಟಗಳನ್ನು ನಡೆಸುತ್ತಿತ್ತು. ಅದು ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳ ರನ್‌ವೇ. ಅಖಿಲ ಭಾರತ ಮಟ್ಟದ ಸ್ಪರ್ಧಿಗಳೂ ಸಾವಿರಾರು ಪ್ರೇಕ್ಷಕರೂ ಅಲ್ಲಿ ಸೇರುತ್ತಿದ್ದರು. ಆದರೆ ಸ್ವಂತದ್ದಲ್ಲದ ಜಾಗದಲ್ಲಿ ಶಾಶ್ವತ ಸುರಕ್ಷತಾ ವ್ಯವಸ್ಥೆಗಾಗಿ ಹಣ ಹೂಡುವುದು ಯಾವ ಸಂಸ್ಥೆಗೂ ಕಷ್ಟ. ಕ್ಲಬ್ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಭೂಮಿ ಕೊಂಡು, 3.7 ಕಿಲೋಮೀಟರಿನಷ್ಟು ಉದ್ದದ ಸರ್ಕ್ಯೂಟ್ ನಿರ್ಮಿಸಿತು. 1990ರ ಸುಮಾರಿಗೆ ಓಟಗಳು ಅಲ್ಲಿಗೆ ವರ್ಗವಾದವು.

ಈ ಸ್ಥಳಾಂತರ ಉಳಿದು ಬಾಳಲು ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಓಟವನ್ನು ನಡೆಸುವ ಸಂಸ್ಥೆಯೇ ಭೂಮಿಯ ಒಡೆತನವನ್ನೂ ಹೊಂದಿತ್ತು. ಆದ್ದರಿಂದ ಓಟ ಹೋಗಿ ನೆಲ ಉಳಿಯುವ ಪ್ರಮೇಯ ಒದಗಲಿಲ್ಲ. ಎರಡನೆಯದಾಗಿ, ಆ ಟ್ರ್ಯಾಕ್ ವರ್ಷಕ್ಕೊಂದು ಉತ್ಸವವನ್ನು ನೆಚ್ಚಿ ಕುಳಿತಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಕಾರು ಹಾಗೂ ಬೈಕು ಸುತ್ತುಗಳು, ಟೈರು ಮತ್ತು ದ್ವಿಚಕ್ರ ವಾಹನ ಕಂಪನಿಗಳು ನಡೆಸುವ ಸ್ಪರ್ಧೆಗಳು, ಚಾಲಕರ ತರಬೇತಿ ಹೀಗೆ ಸಣ್ಣ ಸಣ್ಣ ಬಾಡಿಗೆಗಳು ಹಲವು ಮೂಲಗಳಿಂದ ಬರುತ್ತವೆ. ಸುತ್ತಲೂ ವಾಹನ ಉದ್ಯಮದ ಕಾರ್ಖಾನೆಗಳು ಬೆಳೆದುದೂ ಅನುಕೂಲವಾಯಿತು. ಕೊಯಮತ್ತೂರು ಸಮೀಪದ ಚೆಟ್ಟಿಪಾಳಯದಲ್ಲಿ 2003ರಲ್ಲಿ ಆರಂಭವಾದ ಕರಿ ಮೋಟಾರ್ ಸ್ಪೀಡ್‌ವೇ ಕೂಡ ಇದೇ ಮಾದರಿಯಲ್ಲಿ ಮಿತವಾದ ಗಾತ್ರದೊಂದಿಗೆ ನಡೆದುಕೊಂಡು ಬಂದಿದೆ. ಕರ್ನಾಟಕದಲ್ಲಿ ಇವಕ್ಕೆ ಸರಿಸಮನಾದ ಕಾರು ಸರ್ಕ್ಯೂಟ್ ಇಲ್ಲದಿರುವುದರಿಂದ ಬೆಂಗಳೂರಿನ ಸ್ಪರ್ಧಿಗಳು ಇಂದಿಗೂ ವಾಹನಗಳನ್ನು ಲಾರಿಯಲ್ಲಿ ಹೇರಿಕೊಂಡು ತಮಿಳುನಾಡಿಗೆ ಹೋಗಬೇಕಾಗಿದೆ.

ಬೆಂಗಳೂರು ತಪ್ಪಿ ಗ್ರೇಟರ್ ನೊಯ್ಡಾ

ಫಾರ್ಮುಲಾ ಒನ್ ಭಾರತಕ್ಕೆ ಬರುವುದೆಂಬ ಮಾತು 1990ರ ದಶಕದಿಂದಲೇ ಇತ್ತು. ಮೊದಲು ಕೋಲ್ಕತ್ತ, ನಂತರ ಬೆಂಗಳೂರು, 2003ರ ವೇಳೆಗೆ ಹೈದರಾಬಾದ್ ಹೀಗೆ ಒಂದೊಂದೇ ನಗರದ ಹೆಸರು ಕೇಳಿಬಂದು ಹಿಂದೆ ಸರಿಯಿತು. ಅಂತಿಮವಾಗಿ ಉತ್ತರ ಪ್ರದೇಶದ ಗ್ರೇಟರ್ ನೊಯ್ಡಾದಲ್ಲಿ ಜೇಪೀ ಸಮೂಹ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್ ನಿರ್ಮಿಸಿತು. ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸದ ಈ ಟ್ರ್ಯಾಕಿನ ಉದ್ದ 5.125 ಕಿಲೋಮೀಟರ್. 2011, 2012 ಮತ್ತು 2013ರ ಅಕ್ಟೋಬರಿನಲ್ಲಿ ಮೂರು ಓಟಗಳು ನಡೆದವು. ಮೂರನ್ನೂ ಗೆದ್ದವರು ಸೆಬಾಸ್ಟಿಯನ್ ವೆಟ್ಟಲ್. 2014ರ ವೇಳಾಪಟ್ಟಿಯಿಂದ ಭಾರತದ ಓಟ ಕೈಬಿಟ್ಟುಹೋಯಿತು. 2015ಕ್ಕೆ ಮರಳುವುದೆಂದು ಹೇಳಲಾಗಿತ್ತಾದರೂ ಮರಳಲಿಲ್ಲ.

ಇದರ ಹಿಂದಿನ ಲೆಕ್ಕ ನ್ಯಾಯಾಲಯದ ದಾಖಲೆಗಳಲ್ಲಿಯೇ ಇದೆ. 2011ರ ಸೆಪ್ಟೆಂಬರ್ 13ರ ಕರಾರಿನಂತೆ ಓಟ ನಡೆಸುವ ಹಕ್ಕಿಗಾಗಿ ಜೇಪೀ ಸಂಸ್ಥೆ ಬ್ರಿಟನ್ನಿನ ಫಾರ್ಮುಲಾ ಒನ್ ವರ್ಲ್ಡ್ ಚಾಂಪಿಯನ್‌ಷಿಪ್ ಲಿಮಿಟೆಡ್‌ಗೆ 4 ಕೋಟಿ ಡಾಲರ್ ಕೊಡಬೇಕಿತ್ತು. ಇದೇ ಶುಲ್ಕ ಪ್ರತಿವರ್ಷವೂ ಬದಲಾಗದೆ ಇತ್ತೆಂದು ಭಾವಿಸಿ ರೂಪಾಯಿಯ ಲೆಕ್ಕ ಹಾಕಿದರೂ ಚಿತ್ರ ಸ್ಪಷ್ಟವಾಗುತ್ತದೆ. 2011ರ ಅಕ್ಟೋಬರಿನಲ್ಲಿ ಡಾಲರಿಗೆ ಸುಮಾರು 49 ರೂಪಾಯಿ. ಅಂದರೆ 196 ಕೋಟಿ. 2012ರಲ್ಲಿ ಸುಮಾರು 54 ರೂಪಾಯಿ, 216 ಕೋಟಿ. 2013ರಲ್ಲಿ ಸುಮಾರು 61 ರೂಪಾಯಿ; 244 ಕೋಟಿ. ಕರಾರಿನ ಒಂದು ಅಕ್ಷರವೂ ಬದಲಾಗದೆ ವೆಚ್ಚ ಕಾಲುಭಾಗದಷ್ಟು ಏರಿತು. ವರಮಾನ ರೂಪಾಯಿಯಲ್ಲಿ, ಹೊಣೆ ಡಾಲರಿನಲ್ಲಿ ಇರುವ ಯಾವುದೇ ವ್ಯವಹಾರಕ್ಕೆ ಈ ಅಪಾಯ ತಪ್ಪಿದ್ದಲ್ಲ.

ವರಮಾನದ ಕಡೆ ನೋಡಿದರೆ ಸ್ಥಿತಿ ಇನ್ನೂ ಇಕ್ಕಟ್ಟಿನದು. ಪ್ರಸಾರ, ಮುಖ್ಯ ಪ್ರಾಯೋಜಕತ್ವ ಮತ್ತು ಪ್ಯಾಡಕ್ ಆತಿಥ್ಯದ ಹಕ್ಕುಗಳೆಲ್ಲ ವಿದೇಶಿ ಸಂಸ್ಥೆಯ ಸಹವರ್ತಿ ಕಂಪನಿಗಳ ಕೈಸೇರಿದ್ದವು. ಸ್ಥಳೀಯ ಸಂಘಟಕರಿಗೆ ಉಳಿದ ಮುಖ್ಯ ಆದಾಯ ಟಿಕೆಟ್ ಮಾರಾಟ. ಒಂದು ಲಕ್ಷ ಪ್ರೇಕ್ಷಕರು ಬಂದರೆಂದೇ ಇಟ್ಟುಕೊಂಡರೂ 196 ಕೋಟಿಯ ಶುಲ್ಕವೊಂದನ್ನೇ ಸರಿದೂಗಿಸಲು ಪ್ರತಿಯೊಬ್ಬರಿಂದ ಸರಾಸರಿ 19,600 ರೂಪಾಯಿ ಬರಬೇಕಿತ್ತು. ಮೊದಲ ವರ್ಷದ ಕನಿಷ್ಠ ಟಿಕೆಟ್ ದರ 2,500 ರೂಪಾಯಿ. ಬಡ್ಡಿ, ಸವಕಳಿ, ಭದ್ರತೆ, ವಿದ್ಯುತ್ತು, ಸಿಬ್ಬಂದಿ ಇವೆಲ್ಲ ಈ ಲೆಕ್ಕದ ಆಚೆಗಿನವು.

ತೆರಿಗೆಯ ತಿರುವು

ತೆರಿಗೆಯ ವಿಷಯವನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳದಿದ್ದರೆ ಏನಾಗುವುದೆಂಬುದಕ್ಕೂ ಈ ಪ್ರಕರಣವೇ ಪಾಠ. ಮನರಂಜನಾ ತೆರಿಗೆಯ ವಿನಾಯಿತಿಯನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ, ಓಟಕ್ಕೆ ಕೆಲವೇ ದಿನಗಳಿರುವಾಗ, ಟಿಕೆಟ್ ವರಮಾನದ ಶೇಕಡಾ 25ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ಆದೇಶಿಸಿತು. ಕೈಗೆ ಬಂದ ಹಣದ ಕಾಲುಭಾಗ ಬಳಕೆಗೆ ದಕ್ಕದೆ ಹೋಯಿತು.

ಆದಾಯ ತೆರಿಗೆಯ ವ್ಯಾಜ್ಯ ಇನ್ನೂ ದೀರ್ಘವಾದುದು. ವಿದೇಶಿ ಕಂಪನಿಗೆ ಭಾರತದಲ್ಲಿ ಕಾಯಂ ವ್ಯವಹಾರ ನೆಲೆ ಇದೆಯೇ ಎಂಬುದು ಮೂಲ ಪ್ರಶ್ನೆ. ಇಲ್ಲವೆಂದು ಮುಂಗಡ ತೀರ್ಪು ಪ್ರಾಧಿಕಾರ ಹೇಳಿತು. ಇದೆಯೆಂದು ದೆಹಲಿ ಹೈಕೋರ್ಟು 2016ರ ನವೆಂಬರಿನಲ್ಲಿ ತೀರ್ಪಿತ್ತಿತು. 2017ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಅಭಿಪ್ರಾಯವನ್ನು ಎತ್ತಿಹಿಡಿಯಿತು. ವರ್ಷಕ್ಕೆ ಕೆಲವೇ ದಿನಗಳ ಕಾಲವಾದರೂ ಸರ್ಕ್ಯೂಟಿನ ಮೇಲಿನ ಸಂಪೂರ್ಣ ನಿಯಂತ್ರಣ ವಿದೇಶಿ ಸಂಸ್ಥೆಯದಾಗಿದ್ದುದರಿಂದ ಅದು ಭಾರತದಲ್ಲಿನ ಕಾಯಂ ನೆಲೆಯೇ ಎಂಬುದು ತೀರ್ಪಿನ ಸಾರ. ಅದರ ಪರಿಣಾಮವಾಗಿ 1961ರ ಆದಾಯ ತೆರಿಗೆ ಕಾಯ್ದೆಯ 195ನೇ ಕಲಮಿನಡಿ ತೆರಿಗೆ ಕಡಿತ ಮಾಡುವ ಹೊಣೆ ಹಣ ಪಾವತಿಸಿದ ಭಾರತೀಯ ಸಂಸ್ಥೆಯ ಮೇಲೆ ಬಿತ್ತು. ಈ ತೀರ್ಪು ಬರುವ ವೇಳೆಗೆ ಓಟ ದೇಶ ಬಿಟ್ಟು ಮೂರು ವರ್ಷ ಮೀರಿತ್ತು.

ನೆಲದ ಕಥೆಯೂ ಸುಖಾಂತವಾಗಲಿಲ್ಲ. ಬಾಕಿ ಪಾವತಿಯಾಗಲಿಲ್ಲವೆಂದು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ 2020ರ ಫೆಬ್ರುವರಿಯಲ್ಲಿ ಸರ್ಕ್ಯೂಟ್ ಸೇರಿದಂತೆ ಸುಮಾರು ಸಾವಿರ ಹೆಕ್ಟೇರ್ ಭೂಮಿಯ ಹಂಚಿಕೆಯನ್ನು ರದ್ದುಪಡಿಸಿತು. ಅಲಹಾಬಾದ್ ಹೈಕೋರ್ಟು 2025ರ ಮಾರ್ಚಿನಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಈ ನಡುವೆ 2024ರ ಜೂನ್‌ನಲ್ಲಿ ಜೈಪ್ರಕಾಶ್ ಅಸೋಸಿಯೇಟ್ಸ್ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಇದೇ ಟ್ರ್ಯಾಕಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ಬೈಕು ಓಟ ನಡೆಯಿತು. ಏಳು ವರ್ಷಗಳ ಒಪ್ಪಂದವೆಂದು ಪ್ರಕಟವಾಗಿದ್ದರೂ 2024ರಲ್ಲಿ ಅದು ಮರಳಲಿಲ್ಲ.

ಡಾನಿಂಗ್‌ಟನ್ನಿನ ಪಾಠ

ಇಂತಹ ಎಡವಟ್ಟು ಭಾರತಕ್ಕೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನ ರಾಷ್ಟ್ರೀಯ ಓಟವನ್ನು ಸಿಲ್ವರ್‌ಸ್ಟೋನ್‌ನಿಂದ ಡಾನಿಂಗ್‌ಟನ್ ಪಾರ್ಕಿಗೆ 2010ರಿಂದ 17 ವರ್ಷಗಳ ಅವಧಿಗೆ ಒಯ್ಯುವುದೆಂದು 2008ರ ಜುಲೈಯಲ್ಲಿ ಘೋಷಿಸಲಾಯಿತು. ಅಗತ್ಯ ಬಂಡವಾಳ ಕೂಡಿಬರಲಿಲ್ಲ. ಅಗೆದ ಟ್ರ್ಯಾಕ್ ಅಗೆದಂತೆಯೇ ಇರುವಾಗ, 2009ರ ನವೆಂಬರಿನಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ಆಡಳಿತಾಧಿಕಾರಿಯ ವಶವಾಯಿತು. ಡಿಸೆಂಬರಿನಲ್ಲಿ ಸಿಲ್ವರ್‌ಸ್ಟೋನ್ 17 ವರ್ಷಗಳ ಕರಾರಿಗೆ ಸಹಿ ಹಾಕಿತು.

ಗೆದ್ದ ಸಿಲ್ವರ್‌ಸ್ಟೋನ್‌ಗೂ ನೆಮ್ಮದಿ ಸಿಗಲಿಲ್ಲ. ಶುಲ್ಕ ಪ್ರತಿವರ್ಷ ಶೇಕಡಾ 5ರಂತೆ ಏರುವ ಷರತ್ತು ಕರಾರಿನಲ್ಲಿತ್ತು. ಈ ದರದಲ್ಲಿ ಯಾವುದೇ ಮೊತ್ತ ಸುಮಾರು 14 ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಓಟದಿಂದ 2015ರಲ್ಲಿ 28 ಲಕ್ಷ ಪೌಂಡ್, 2016ರಲ್ಲಿ 48 ಲಕ್ಷ ಪೌಂಡ್ ನಷ್ಟವಾಯಿತೆಂದು ಸರ್ಕ್ಯೂಟಿನ ಒಡೆತನದ ಸಂಸ್ಥೆ ಪ್ರಕಟಿಸಿತು. ಆದರೆ ಅವಧಿಗೆ ಮುನ್ನವೇ ಹೊರಬರುವ ಅವಕಾಶವನ್ನೂ ಅದೇ ಕರಾರಿನಲ್ಲಿ ಬರೆಸಿಕೊಂಡಿದ್ದರು. 2017ರ ಜುಲೈಯಲ್ಲಿ ಅದನ್ನು ಚಲಾಯಿಸಿ, 2019ರಲ್ಲಿ ಹೊಸ ಕರಾರು ಮಾಡಿಕೊಂಡರು. ಹೊರಬರುವ ಆ ಷರತ್ತೇ ಸಿಲ್ವರ್‌ಸ್ಟೋನನ್ನು ಕಾಪಾಡಿತು.

ತಾತ್ಕಾಲಿಕ ಟ್ರ್ಯಾಕ್ ಪರಿಹಾರವೇ?

ಶಾಶ್ವತ ಸರ್ಕ್ಯೂಟಿನ ಭಾರ ತಪ್ಪಿಸಲು ನಗರದ ರಸ್ತೆಗಳಲ್ಲಿಯೇ ಓಟ ನಡೆಸುವ ಕ್ರಮ ಇತ್ತೀಚೆಗೆ ಬಂದಿದೆ. 2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ಬಳಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಓಟ ನಡೆಯಿತು. ಸರ್ಕಾರ ಬದಲಾದ ಬಳಿಕ, 2024ರ ಫೆಬ್ರುವರಿಗೆ ನಿಗದಿಯಾಗಿದ್ದ ಎರಡನೆಯ ಓಟ ಜನವರಿಯಲ್ಲಿ ರದ್ದಾಯಿತು. ಅದರ ಸಂಬಂಧ ಮಾಡಿದ ಸುಮಾರು 55 ಕೋಟಿ ರೂಪಾಯಿಯ ಪಾವತಿ ಕುರಿತು 2024ರ ಡಿಸೆಂಬರಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಮೊಕದ್ದಮೆ ದಾಖಲಿಸಿತು. ಚೆನ್ನೈನ ಫಾರ್ಮುಲಾ 4 ರಸ್ತೆ ಓಟ ಮಿಚಾಂಗ್ ಚಂಡಮಾರುತದಿಂದಾಗಿ 2023ರ ಡಿಸೆಂಬರಿನಿಂದ ಮುಂದೂಡಲ್ಪಟ್ಟು 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ನಡೆಯಿತು. ರಸ್ತೆ ಓಟದಲ್ಲಿ ಡಾಂಬರಿನ ನಷ್ಟ ಕಡಿಮೆಯಾದರೂ ರಾಜಕೀಯ ಮತ್ತು ಹವಾಮಾನದ ಅಪಾಯ ಹಾಗೆಯೇ ಉಳಿಯುತ್ತದೆ.

ಒಳನಾಡಿನ ವರ್ತಕರು ಗಮನಿಸಬೇಕಾದುದು

ರಾಜ್ಯಕ್ಕೊಂದು ಸರ್ಕ್ಯೂಟ್ ಬೇಕೆಂಬ ಬೇಡಿಕೆ ಅಸಹಜವಲ್ಲ. ಬುದ್ಧ ಸರ್ಕ್ಯೂಟ್ ಒಂದಕ್ಕೇ 350 ಹೆಕ್ಟೇರಿಗಿಂತ ಹೆಚ್ಚು ಭೂಮಿ ಬೇಕಾಯಿತು. ಅಷ್ಟು ಭೂಮಿ ಬೆಂಗಳೂರಿನ ಸಮೀಪ ಕೈಗೆಟುಕದಾದಾಗ ಮೆಕ್ಕೆಜೋಳ, ಶೇಂಗಾ ಬೆಳೆಯುವ ಒಣಭೂಮಿಯ ತಾಲೂಕುಗಳತ್ತ ದೃಷ್ಟಿ ಹರಿಯುವುದು ಸಹಜ. ಓಟವೇ ಆಗಲಿ, ಬೇರಾವುದೇ ಬೃಹತ್ ಯೋಜನೆಯಾಗಲಿ, ಅದನ್ನು ನೆಚ್ಚಿ ಲಾಡ್ಜ್, ಹೋಟೆಲ್, ಕಲ್ಯಾಣ ಮಂಟಪ ಕಟ್ಟಲು ಸಾಲ ತೆಗೆಯುವ ಮುನ್ನ ಕೆಲವು ಅಂಶಗಳನ್ನು ಪರಿಶೀಲಿಸುವುದು ಒಳಿತು.

1. ಕಾರ್ಯಕ್ರಮದ ಹಕ್ಕು ಯಾರದು, ಭೂಮಿ ಯಾರದು? ಇವೆರಡೂ ಬೇರೆಯವರ ಕೈಯಲ್ಲಿದ್ದರೆ ಸಾಲದ ಅವಧಿ ಕರಾರಿನ ಅವಧಿಯನ್ನು ಮೀರಬಾರದು. ಮೂರು ವರ್ಷದ ಕರಾರನ್ನು ನೆಚ್ಚಿ ಹತ್ತು ವರ್ಷದ ಸಾಲ ಮಾಡುವುದು ವಿವೇಕವಲ್ಲ.

2. ಆ ಕಾರ್ಯಕ್ರಮ ಬಾರದ ವರ್ಷದಲ್ಲಿ ಕಟ್ಟಡದಿಂದ ಎಷ್ಟು ಬಾಡಿಗೆ ಹುಟ್ಟೀತು? ಉಳಿದ ದಿನಗಳ ವರಮಾನದಿಂದ ಕನಿಷ್ಠ ಬಡ್ಡಿಯಾದರೂ ತೀರುವಂತಿರಬೇಕು.

3. ತೆರಿಗೆಯ ಹೊಣೆ ಯಾರ ಮೇಲಿದೆ? 2017ರ ಜುಲೈಯಿಂದ ರಾಜ್ಯದ ಮನರಂಜನಾ ತೆರಿಗೆ ಜಿಎಸ್‌ಟಿಯಲ್ಲಿ ವಿಲೀನವಾಗಿದೆ. ಆದರೆ ಪಂಚಾಯಿತಿ ಮತ್ತು ಪುರಸಭೆಗಳು ಮನರಂಜನೆಯ ಮೇಲೆ ತೆರಿಗೆ ವಿಧಿಸಲು ಸಂವಿಧಾನದಲ್ಲಿ ಅವಕಾಶ ಉಳಿದಿದೆ ಎಂಬುದನ್ನು ಮರೆಯಬಾರದು.

4. ಪೆಂಡಾಲ್, ಊಟೋಪಚಾರ, ಸಾರಿಗೆ ಸೇವೆ ಒದಗಿಸುವವರು ಉದ್ಯಮ್ ನೋಂದಣಿಯನ್ನು ಮುಂಚಿತವಾಗಿ ಮಾಡಿಸಿಕೊಳ್ಳುವುದು ಕ್ಷೇಮ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳ ಬಾಕಿಯನ್ನು ಗರಿಷ್ಠ 45 ದಿನಗಳಲ್ಲಿ ಪಾವತಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು.

5. ಮುಂಗಡ ಹಣವಿಲ್ಲದೆ ಸರಬರಾಜು ಬೇಡ. ಸಂಘಟಕ ಕಂಪನಿ ಸಮಾಪನೆಗೊಂಡರೆ 2016ರ ದಿವಾಳಿ ಸಂಹಿತೆಯ ಕ್ರಮದಂತೆ ಭದ್ರತೆಯುಳ್ಳ ಸಾಲಗಾರರು ಮತ್ತು ಕಾರ್ಮಿಕರ ಬಾಕಿ ಮುಂದಿನ ಸಾಲಿನಲ್ಲಿರುತ್ತವೆ. ಊಟ ಬಡಿಸಿದವರ, ಪೆಂಡಾಲ್ ಹಾಕಿದವರ ಬಿಲ್ಲು ಬಹುತೇಕ ಕೊನೆಯಲ್ಲಿರುತ್ತದೆ.

ಸ್ಥಳ ಬದಲಾದಾಗ ಪೇಟೆಗೆ ಏನಾಗುವುದೆಂಬುದು ಹರಪನಹಳ್ಳಿಗೆ ಹೊಸ ಅನುಭವವೇನಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲಾ ಕಚೇರಿಯ ಕೆಲಸಕ್ಕೆ ಹೋಗುವ ಜನರ ದಾರಿ ಪ್ರತಿಸಲವೂ ಬದಲಾಯಿತು. ಆದರೂ ಊರಿನ ವ್ಯಾಪಾರ ನಿಂತುಹೋಗಲಿಲ್ಲ. ಏಕೆಂದರೆ ಅದರ ಬೇರು ಸುತ್ತಲಿನ ಹಳ್ಳಿಗಳ ಬೆಳೆಯಲ್ಲಿ ಮತ್ತು ವಾರದ ಸಂತೆಯಲ್ಲಿತ್ತು. ಹೊರಗಿನಿಂದ ಬರುವ ಓಟದ ವರಮಾನವನ್ನು ಈ ನಿತ್ಯದ ವ್ಯಾಪಾರದ ಮೇಲಿನ ಹೆಚ್ಚುವರಿಯೆಂದು ಎಣಿಸಿ ಯೋಜನೆ ರೂಪಿಸುವವರಿಗೆ, ಓಟ ಮುಂದಿನ ವರ್ಷ ಬೇರೆ ಊರಿಗೆ ಹೋದರೂ ಬ್ಯಾಂಕಿನ ಕಂತು ಕಟ್ಟುವುದು ಕಷ್ಟವಾಗದು.