ಅಡಿಕೆಗೆ ಗೋದಾಮುಂಟು, ಖಾಲಿ ಕೋಣೆಗಿಲ್ಲ: ಪ್ರವಾಸ ಪ್ಯಾಕೇಜುಗಳ ದರ ದಿನಕ್ಕೊಂದು ಏಕೆ?

ಹುಬ್ಬಳ್ಳಿಯಿಂದ ಅಂಕೋಲೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯು ಯಲ್ಲಾಪುರವನ್ನು ದಾಟಿ ಅರಬೈಲ್ ಘಟ್ಟವನ್ನು ಇಳಿಯುತ್ತದೆ. ಮಾಗೋಡು ಮತ್ತು ಸಾತೊಡ್ಡಿ ಜಲಪಾತಗಳು, ಜೇನುಕಲ್ಲುಗುಡ್ಡ, ಕವಡಿಕೆರೆ ಮೊದಲಾದ ತಾಣಗಳು ಪ್ರವಾಸಿಗರನ್ನು ಸೆಳೆಯುತ್ತಿದ್ದು, ಈ ಸೀಮೆಯ ಅನೇಕ ತೋಟದ ಮನೆಗಳಲ್ಲಿ ಹೋಂಸ್ಟೇಗಳು ನಡೆಯುತ್ತಿವೆ. ಎರಡು ರಾತ್ರಿಯ ವಾಸ, ಊಟೋಪಚಾರ ಹಾಗೂ ವಾಹನ ಸೇರಿದ ಪ್ಯಾಕೇಜಿಗೆ ಜುಲೈ ತಿಂಗಳ ಮಂಗಳವಾರ ಒಂದು ದರವಾದರೆ, ದಸರಾ ರಜೆಯ ಶನಿವಾರ ಮತ್ತೊಂದು ದರ. ಕೋಣೆಯೂ ಅದೇ, ಎಲೆಯ ಮೇಲಿನ ತೊಡೆದೇವೂ ಅದೇ. ಹೀಗಿರುವಾಗ ಗ್ರಾಹಕರು ಇದನ್ನು ಸುಲಿಗೆಯೆಂದು ಬಗೆಯುವುದು ಸಹಜ. ಆದರೆ ವ್ಯಾಪಾರದ ದೃಷ್ಟಿಯಿಂದ ನೋಡಿದಾಗ ಈ ವ್ಯತ್ಯಾಸಕ್ಕೆ ಗಟ್ಟಿಯಾದ ಕಾರಣಗಳಿವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವರ್ತಕರಿಗೆ ಅಡಿಕೆಯ ಉದಾಹರಣೆಯೇ ಸಾಕು. ಧಾರಣೆ ಕುಸಿದರೆ ಬೆಳೆಗಾರನು ಚಾಲಿಯನ್ನು ಅಟ್ಟದ ಮೇಲಿರಿಸಿ ಕಾಯಬಲ್ಲನು. 1923ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಂತಹ ಸಹಕಾರಿ ಸಂಘಗಳ ಆಸರೆಯೂ ಅವನಿಗಿದೆ. ಹೋಂಸ್ಟೇಯ ಯಜಮಾನನಿಗೆ ಈ ಅನುಕೂಲವಿಲ್ಲ. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ದಾಸ್ತಾನಿರಿಸಿ ಮೇ ತಿಂಗಳಿನಲ್ಲಿ ಮಾರಲು ಬಾರದು. ಹಾಗೆಯೇ, ದಸರಾ ಶನಿವಾರ ಹತ್ತು ಕುಟುಂಬಗಳು ಬಂದರೂ ಇರುವ ನಾಲ್ಕು ಕೋಣೆಗಳು ಎಂಟಾಗವು. ಸರಕನ್ನು ಹಿಗ್ಗಿಸಲೂ ಕುಗ್ಗಿಸಲೂ ಸಾಧ್ಯವಿಲ್ಲದಿರುವಲ್ಲಿ ಏರಿಳಿಯಬಹುದಾದುದು ದರವೊಂದೇ.

ಅಸಲು ಎಷ್ಟು?

ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಪರಿಶೀಲಿಸಬಹುದು. ನಾಲ್ಕು ಕೋಣೆಗಳ ಹೋಂಸ್ಟೇಯೊಂದಕ್ಕೆ ಸಾಲದ ಕಂತು, ಅಡುಗೆಯವರ ಸಂಬಳ, ದುರಸ್ತಿ ಇತ್ಯಾದಿ ಸೇರಿ ತಿಂಗಳಿಗೆ 60,000 ರೂ. ಸ್ಥಿರ ವೆಚ್ಚವಿದೆ ಎಂದಿಟ್ಟುಕೊಳ್ಳೋಣ. ಅತಿಥಿಗಳು ಬಂದಾಗ ಊಟ, ಬಿಸಿನೀರು, ಬಟ್ಟೆ ಒಗೆತಗಳಿಗೆ ಕೋಣೆಯೊಂದಕ್ಕೆ ದಿನಕ್ಕೆ 700 ರೂ. ಹೆಚ್ಚುವರಿ ಖರ್ಚು. ತಿಂಗಳಲ್ಲಿ ಎಲ್ಲ ಕೋಣೆಗಳೂ ತುಂಬಿ 120 ಬಾಡಿಗೆಗಳಾದರೆ ಪ್ರತಿ ಬಾಡಿಗೆಯ ಅಸಲು 1,200 ರೂ. ಕೇವಲ 30 ಬಾಡಿಗೆಗಳಾದರೆ ಅದೇ ಅಸಲು 2,700 ರೂ. ಆಗುತ್ತದೆ. ಅಂದರೆ ಗಿರಾಕಿ ಕಡಿಮೆ ಇರುವಾಗಲೇ ಅಸಲು ಹೆಚ್ಚು! ಆದರೆ ಮಳೆಗಾಲದಲ್ಲಿ 2,700 ರೂ. ಕೇಳಿದರೆ ಬರುವ ನಾಲ್ವರೂ ಬಾರರು. ಬದಲಾಗಿ 1,200 ರೂ.ಗಳಿಗೆ ಕೊಟ್ಟರೆ, 700 ರೂ. ಖರ್ಚು ಕಳೆದು 500 ರೂ. ಸಾಲದ ಕಂತಿಗೆ ಒದಗುತ್ತದೆ. ಈ ಕೊರತೆಯನ್ನು ತುಂಬಿಸಬೇಕಾದುದು ರಜೆಯ ದಿನಗಳೇ. ವರ್ಷವಿಡೀ ಒಂದೇ ದರವನ್ನು ನಂಬಿ ಕುಳಿತವರು ಮಳೆಗಾಲದಲ್ಲಿ ಕೋಣೆಯನ್ನು ಖಾಲಿ ಬಿಟ್ಟು, ದಸರೆಯಲ್ಲಿ ಅಗ್ಗಕ್ಕೆ ಮಾರಿ, ಎರಡು ಕಡೆಯಿಂದಲೂ ನಷ್ಟ ಅನುಭವಿಸುತ್ತಾರೆ. 700 ರೂ.ಗಳಿಗಿಂತ ಕಡಿಮೆಗೆ ಇಳಿದವರ ಪಾಡಂತೂ ಹೇಳತೀರದು.

ಇನ್ನು ಬರುವವರಾರು ಎಂಬುದೂ ಮುಖ್ಯ. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬವು ಬೇಸಿಗೆ ಅಥವಾ ದಸರಾ ರಜೆಯಲ್ಲಿಯೇ ಹೊರಡಬೇಕು. ದರ ಹೆಚ್ಚೆಂದು ದಿನಾಂಕ ಬದಲಿಸಲಾರದು. ನಿವೃತ್ತರು ಬದಲಿಸಬಲ್ಲರು. ಬೆಂಗಳೂರಿನ ನೌಕರರು ಸುಮಾರು 400 ಕಿ.ಮೀ. ದೂರದಿಂದ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕಚೇರಿ ಸೇರಬೇಕಾದುದರಿಂದ ವಾರದ ಬೇಡಿಕೆಯೆಲ್ಲ ಎರಡು ರಾತ್ರಿಗಳಿಗೆ ಸೀಮಿತ. ಖಾಸಗಿ ಬಸ್ಸುಗಳ ದರವೂ ಆ ರಾತ್ರಿಗಳಲ್ಲಿಯೇ ಏರುತ್ತದೆ. 2003ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿದ ಏರ್ ಡೆಕ್ಕನ್, ಮೊದಲು ಕಾಯ್ದಿರಿಸಿದವರಿಗೆ ಅಗ್ಗದ ಟಿಕೆಟ್ ನೀಡುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ರೈಲ್ವೆಯೂ ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಲ್ಲಿ ಆಸನಗಳು ತುಂಬಿದಂತೆ ದರ ಏರುವ ಕ್ರಮವನ್ನು ಜಾರಿಗೊಳಿಸಿತು. ಪ್ಯಾಕೇಜ್ ಎಂಬುದು ಇಂತಹ ಹಲವು ದರಗಳ ಮೊತ್ತ. ಎಲ್ಲವೂ ಒಟ್ಟಿಗೆ ಏರಿದ ದಿನ ಅದು ದುಬಾರಿಯಾಗದೆ ವಿಧಿಯಿಲ್ಲ.

ವಾಹನದ ಬಾಡಿಗೆಗೆ ಪಂಚಾಂಗವೂ ಕಾರಣ. ವೈಶಾಖದ ಲಗ್ನಗಳು ಮತ್ತು ಬೇಸಿಗೆ ರಜೆ ಏಕಕಾಲಕ್ಕೆ ಬರುವುದರಿಂದ ಟೆಂಪೋ ಟ್ರಾವೆಲರ್‌ಗಳಿಗೆ ಎರಡು ಕಡೆಯ ಗಿರಾಕಿ. ಮದುವೆಗಳಿಲ್ಲದ ಆಷಾಢದಲ್ಲಿ ಅವೇ ಗಾಡಿಗಳು ಮನೆಯ ಮುಂದೆ ನಿಂತಿರುತ್ತವೆ.

ಮಳೆ ಮತ್ತು ಕೊಯ್ಲು

ಮಲೆನಾಡಿನ ಪ್ರವಾಸೋದ್ಯಮದ ವಿಚಿತ್ರವೆಂದರೆ, ಜಲಪಾತಗಳು ಭೋರ್ಗರೆಯುವ ತಿಂಗಳುಗಳಲ್ಲಿಯೇ ದಾರಿಯ ಭರವಸೆ ಕಡಿಮೆ. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಸಂಚಾರ ಸ್ಥಗಿತಗೊಂಡಿತು. ಗಂಗಾವಳಿಯ ಪ್ರವಾಹಕ್ಕೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಡೆದ ದುರಂತ ಎಲ್ಲರಿಗೂ ತಿಳಿದದ್ದೇ. ಮಳೆಗಾಲದ ಅಗ್ಗದ ದರದಲ್ಲಿ ಈ ಅಪಾಯದ ಬೆಲೆಯೂ ಅಡಗಿದೆ. ಪ್ರವಾಸ ರದ್ದಾದರೆ ಮುಂಗಡ ಹಣದ ಗತಿಯೇನು ಎಂಬುದನ್ನು ರಸೀದಿಯಲ್ಲಿಯೇ ನಮೂದಿಸುವುದು ಇಬ್ಬರಿಗೂ ಕ್ಷೇಮ.

ಮಳೆ ನಿಂತ ಮೇಲೂ ನೀರಿನ ಸೊಬಗು ಉಳಿದಿರುವುದರಿಂದ ಅಕ್ಟೋಬರ್‌ನಿಂದ ದರ ಏರತೊಡಗುತ್ತದೆ. ಡಿಸೆಂಬರ್ ರಜೆಯ ವೇಳೆಗೆ ಅಡಿಕೆ ಕೊಯ್ಲು ಭರದಲ್ಲಿರುತ್ತದೆ. ಅತಿಥಿಗಳಿಗೆ ಅಡುಗೆ ಮಾಡಿ ಬಡಿಸಬೇಕಾದ ಕೈಗಳು ಆಗ ಅಡಿಕೆ ಸುಲಿಯುವಲ್ಲಿ ತೊಡಗಿರುತ್ತವೆ. ಹೊರಗಿನ ಕೆಲಸಗಾರರನ್ನು ಕರೆಯಬೇಕಾಗಿ ಬಂದಾಗ ಆ ಕೂಲಿಯೂ ಪ್ಯಾಕೇಜಿನ ದರಕ್ಕೆ ಸೇರುತ್ತದೆ. ಪೇಟೆಯ ಪ್ರವಾಸಿಗೆ ಈ ವಿಚಾರ ತಿಳಿದಿರುವುದು ಅಪರೂಪ.

ದರ ಏರಿಸುವಾಗ ತೆರಿಗೆಯ ಮೆಟ್ಟಿಲನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5; ಅದಕ್ಕೆ ಮೇಲ್ಪಟ್ಟರೆ ಶೇ. 18. ರೆಸಾರ್ಟ್ ಮಾಲೀಕರು ರಜೆಯ ದಿನ 7,500 ರೂ.ಗಳನ್ನು 8,000 ರೂ.ಗಳಿಗೆ ಏರಿಸಿದರೆ ಗ್ರಾಹಕರು ತೆರುವ ಮೊತ್ತ 7,875ರಿಂದ 9,440 ರೂ.ಗಳಿಗೆ ಜಿಗಿಯುತ್ತದೆ. ಮಾಲೀಕರಿಗೆ ದೊರೆಯುವುದು ಹೆಚ್ಚುವರಿ 500 ರೂ. ಮಾತ್ರ; ಬೈಗುಳ 1,565 ರೂ.ಗಳದ್ದು!

ಕೊನೆಯ ಗಳಿಗೆಯ ರಿಯಾಯಿತಿಯ ಬಗ್ಗೆಯೂ ಎಚ್ಚರ ಅಗತ್ಯ. ಗುರುವಾರ ಸಂಜೆ ದರ ಇಳಿಯುವುದೆಂದು ಒಮ್ಮೆ ತಿಳಿದ ಗಿರಾಕಿಯು ಮುಂದೆ ಗುರುವಾರದವರೆಗೂ ಕಾಯುತ್ತಾನೆ. ಅದರ ಬದಲು ಮಳೆಗಾಲ, ವಾರದ ದಿನ, ವಾರಾಂತ್ಯ, ರಜಾಕಾಲ ಎಂದು ನಾಲ್ಕು ದರಗಳನ್ನು ವರ್ಷಾರಂಭದಲ್ಲಿಯೇ ಮುದ್ರಿಸಿ ಪ್ರಕಟಿಸುವುದು ಸಣ್ಣ ಉದ್ಯಮಿಗಳಿಗೆ ಸೂಕ್ತ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯ ದಿನಗಳಿಗೆ ಮಾತ್ರ ಈ ಪಟ್ಟಿಯಲ್ಲಿ ಐದನೆಯ ಸಾಲೊಂದು ಬೇಕಾಗುತ್ತದೆ.